ನೆರಳಿನ ಅಳತೆ

ಬಿದಿರುಗಟ್ಟೆಯ ವಿಹಾರ, ಜಿಯಾನ್‌ಕಾಂಗ್
ಯುವಾನ್‌ಜಿಯಾ ಶಕೆಯ ಹನ್ನೊಂದನೆಯ ವರ್ಷ, ಮೂರನೆಯ ತಿಂಗಳು, ಶುಕ್ಲಪಕ್ಷ

ಪೂಜ್ಯ ಗುರುಮ್ಮ ದಾವ್‌ರಾನ್ ಅವರಿಗೆ,

“ನಿಮ್ಮ ಪಾದಗಳಿಗೆ ಎರಗಿ ಲಿಂಗ್‌ಶು ಮಾಡುವ ಬಿನ್ನಹ” ಎಂದು ತೊಡಗಿದ್ದ ಹಾಳೆಯನ್ನು ಹರಿದು ಹಾಕಬೇಕಾಯಿತು. ಹೊಸ ದೀಕ್ಷೆ ಪಡೆದ ಭಿಕ್ಷುಣಿಯು ಅದನ್ನು ಪಡೆಯದವರ ಪಾದಕ್ಕೆ ಎರಗಕೂಡದು ಎಂಬುದು ನಿಯಮ. ನೆರೆ ಬಂದ ವರ್ಷ ತಾಯಿಯಿಲ್ಲದ ಹುಡುಗಿಯೊಬ್ಬಳನ್ನು ಹೆಗಲ ಮೇಲೆ ಕೂರಿಸಿಕೊಂಡು, ಎದೆಮಟ್ಟದ ನೀರಿನಲ್ಲಿ ನಡೆದು ಈ ವಿಹಾರದ ಮೆಟ್ಟಿಲಿಗೆ ತಂದಿಳಿಸಿದವರಿಗೆ ಪತ್ರದ ಮೊದಲ ಸಾಲಿನಲ್ಲಿ ಒಂದು ನಮಸ್ಕಾರ ಬರೆಯಲೂ ಇಂದು ನನಗೆ ಅಧಿಕಾರವಿಲ್ಲ. ಆದ್ದರಿಂದ ನಮಸ್ಕಾರವಿಲ್ಲದೆ ಬರೆಯುತ್ತಿದ್ದೇನೆ. ಅಕ್ಷರಗಳು ಮಾತ್ರ ನೀವು ಮೆಚ್ಚುತ್ತಿದ್ದ ಹಾಗೆಯೇ ನೇರವಾಗಿವೆ. ಅವನ್ನಾದರೂ ಕೆಡಿಸಿ ಬರೆಯೋಣವೆಂದರೆ ಕೈ ಒಪ್ಪಲಿಲ್ಲ. ದಯವಿಟ್ಟು ಇದನ್ನು ನಿಮ್ಮ ತಮ್ಮನವರಿಂದ ಓದಿಸಬೇಡಿ. ನಿಧಾನವಾಗಿ, ಬೆರಳಿಟ್ಟುಕೊಂಡು, ನೀವೇ ಓದಿ.

ದೋಣಿಯ ಚಿಯು ದೊಡ್ಡಮ್ಮ ನಿನ್ನೆ ಅಕ್ಕಿ ಇಳಿಸಲು ಬಂದಾಗ ನಿಮ್ಮ ಸುದ್ದಿ ತಂದಳು. “ನಿಮ್ ಗುರುಮ್ಮ ತಮ್ಮನ ಮನೇಲಿ ಹಿಪ್ಪುನೇರಳೆ ಸೊಪ್ಪು ಹೆಚ್ಕೊಂಡು ಕೂತವ್ರೆ ಕಣವ್ವ. ರೇಷ್ಮೆ ಹುಳಗಳ್ನ ಮಾತಾಡಿಸ್ತಾರೆ. ‘ತಿಂದಿದ್ದು ಸಾಕು, ಕುದಿಯೋ ನೀರು ಬರೋಕ್ ಮುಂಚೆ ಎತ್ಲಾಗಾದ್ರೂ ಓಡೋಗ್ರಪ್ಪ’ ಅಂತಾರೆ. ತಮ್ಮನ ಹೆಂಡ್ತಿ ಹಲ್ಲು ಕಡೀತಾಳೆ” ಎಂದು ನಕ್ಕಳು. ನಾನು ನಗಲಿಲ್ಲ. ಕಾವಿ ಉಟ್ಟಿದ್ದಾರೆಯೇ ಎಂದು ಕೇಳಿದೆ. “ಕಾವೀನಾ? ಮಡಿಸಿ ಪೆಟ್ಟಿಗೆ ಮೇಲಿಟ್ಟವ್ರೆ. ಯಾಕ್ ಗುರುಮ್ಮ ಅಂದೆ. ‘ನಾನು ಭಿಕ್ಷುಣಿ ಹೌದೋ ಅಲ್ವೋ ನಂಗೇ ಗೊತ್ತಿಲ್ಲ ಚಿಯು, ಉಟ್ಕೊಂಡ್ರೆ ಕಳ್ಳತನ ಮಾಡ್ದಂಗೆ’ ಅಂದ್ರು.” ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ನೀನಂತೂ ಹೊಸ್ದು ಉಟ್ಟಿದೀಯ. ಬಾಳ ಒಪ್ಪುತ್ತೆ ಬುಡು” ಎಂದು ಬೆನ್ನು ತಿರುಗಿಸಿದಳು.

ಆ ಮಾತು ನನಗೆ ತಕ್ಕದ್ದೇ. ಆದರೆ ಈ ಪತ್ರ ನನ್ನ ಸಂಕಟ ತೋಡಿಕೊಳ್ಳುವುದಕ್ಕಲ್ಲ, ನಿಮ್ಮನ್ನು ಕರೆಯುವುದಕ್ಕೆ. ಸಿಂಹಳದಿಂದ ಬಂದ ಭಿಕ್ಷುಣಿಯರಲ್ಲಿ, ಆ ಥೇರಿಯರಲ್ಲಿ, ಹಿರಿಯರೊಬ್ಬರು ಜ್ವರದಿಂದ ಮಲಗಿದ್ದಾರೆ. ಕೆಮ್ಮಿನಲ್ಲಿ ರಕ್ತ ಬರುತ್ತಿದೆ. ಕಳೆದ ಚಳಿಗಾಲದಲ್ಲಿ ಒಬ್ಬರು ತೀರಿಕೊಂಡ ಮೇಲೆ ಉಳಿದಿರುವವರು ಸರಿಯಾಗಿ ಹತ್ತು ಮಂದಿ. ದೀಕ್ಷೆ ಕೊಡಲು ಹತ್ತು ಮಂದಿ ಭಿಕ್ಷುಣಿಯರು ಕೂರಲೇಬೇಕು. ಮುಂದಿನ ದೀಕ್ಷೆ ಈ ಹುಣ್ಣಿಮೆಗೆ; ಹಿರಿಯ ಥೇರಿ ಅಲ್ಲಿಯವರೆಗೆ ಹೇಗಾದರೂ ಎದ್ದು ಕೂರುತ್ತೇನೆ ಎಂದಿದ್ದಾರೆ. ಅವರು ಹೋದರೆ ಮುಂದಿನ ಹಡಗು ಯಾವ ವರ್ಷ ಬರುವುದೋ, ಬಂದರೂ ಅದರಲ್ಲಿ ಭಿಕ್ಷುಣಿಯರು ಇರುವರೋ ಇಲ್ಲವೋ ಯಾರಿಗೂ ತಿಳಿಯದು. ನಿಮಗೀಗ ಅರವತ್ತು ದಾಟಿದೆ.

ಇದೆಲ್ಲ ನಿಮಗೆ ಗೊತ್ತಿರುವುದೇ. ಗೊತ್ತಿರುವವರ ಮುಂದೆಯೂ ಪಾಠ ಒಪ್ಪಿಸುವುದು ನನ್ನ ಹಳೆಯ ಚಾಳಿ. ನಮ್ಮ ನಾಡಿನಲ್ಲಿ ಇದುವರೆಗೆ ಹೆಂಗಸರಿಗೆ ಕಾವಿ ಕೊಟ್ಟವರು ಭಿಕ್ಷುಗಳಷ್ಟೇ. ಭಿಕ್ಷುಣಿಯರ ಸಂಘವೂ ಕೊಡಬೇಕೆಂಬ ನಿಯಮವಿದ್ದರೂ ಕೊಡಲು ಇಲ್ಲಿ ಯಾರಿದ್ದರು? ಜಂಬೂದ್ವೀಪದಿಂದ ಬೋಧಿಯ ಸಸಿಯ ಜೊತೆಗೇ ಸಮುದ್ರ ದಾಟಿದ ಆ ಪರಂಪರೆ ಸಿಂಹಳದಲ್ಲಿ ಬೇರು ಬಿಟ್ಟಿತ್ತು, ನಮ್ಮಲ್ಲಿಗೆ ಬಂದಿರಲಿಲ್ಲ. ವ್ಯಾಪಾರಿಯ ಹಡಗಿನಲ್ಲಿ ಮೊದಲ ಥೇರಿಯರು ಬಂದಿಳಿದ ದಿನ ನೀವು ಬಂದರಿನಲ್ಲಿ ನನ್ನ ಕೈ ಹಿಡಿದು ಅತ್ತಿರಿ. ಸಂಖ್ಯೆ ಸಾಲದೆಂದು ತಿಳಿದಾಗ ಅಡುಗೆಯ ಫಾಲಿ, “ಹೋಳಿಗೆ ಬಂತು, ತುಪ್ಪ ಮರ್ತ್ ಬಂದ್ರು” ಎಂದಳು. ತುಪ್ಪ ಬರಲು ನಾಲ್ಕು ವರ್ಷ ಹಿಡಿಯಿತು.

ಆ ನಾಲ್ಕು ವರ್ಷ ನಾನು ವ್ಯರ್ಥ ಮಾಡಲಿಲ್ಲ. ನಗರದ ಯಾವ ವಿಹಾರದ ಹುಡುಗಿಯೂ ಕಲಿಯದ ಅವರ ಭಾಷೆಯನ್ನು ಕಲಿತೆ, ಸಂಘದ ಶಿಸ್ತು ಹೇಳುವ ವಿನಯದ ನಿಯಮಗಳನ್ನು ಬಾಯಿಪಾಠ ಮಾಡಿದೆ. ಪರೀಕ್ಷೆಗೆ ಕೂತವರಲ್ಲೆಲ್ಲ ನಾನೇ ಮೊದಲಿಗಳಾದೆ. ಎರಡನೆಯ ಹಡಗಿನವರು ನಮ್ಮ ವಿಹಾರದಲ್ಲೇ ಉಳಿದಾಗ ಅವರ ನಾಲಿಗೆಯಾಗಿ ನಿಂತವಳೂ ನಾನೊಬ್ಬಳೇ. ಅವರಲ್ಲಿ ಮುಖ್ಯರಾದ ಸಾಮಾ ಥೇರಿಗೆ ನಮ್ಮ ಭಾಷೆಯಲ್ಲಿ ಬರುತ್ತಿದ್ದದ್ದು ‘ಚಳಿ’ ಎಂಬ ಒಂದೇ ಮಾತು. ಹೆಮ್ಮೆಯಿಂದಲೇ ಬರೆಯುತ್ತಿದ್ದೇನಲ್ಲವೆ? ನಾಚಿಕೆಯ ಪತ್ರದಲ್ಲೂ ಈ ಹೆಮ್ಮೆ ನುಸುಳುತ್ತದೆ. ಹಾಗಿದ್ದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅರಮನೆಯ ಹೆಂಗಸರು ಸೂತ್ರ ಕೇಳಲು ಬಂದಾಗ ನೀವು ತಡವರಿಸಿ, ಎರಡು ಸಾಲು ಹಾರಿಸಿ, ಹಾರಿಸಿದ್ದು ಗೊತ್ತಾಗಿ, “ಬುದ್ಧ ಭಗವಾನ್ರಿಗೆ ನನ್ನ ಕಣ್ಣಿನ ವಿಷಯ ಗೊತ್ತಿದೆ, ಬಿಡಿ” ಎಂದು ನಗುತ್ತಿದ್ದಿರಿ. ಅವರೂ ಪ್ರೀತಿಯಿಂದ ನಗುತ್ತಿದ್ದರು. ನಾನು ಮಾತ್ರ ಕಂಬದ ಮರೆಗೆ ಸರಿಯುತ್ತಿದ್ದೆ. ಇವರ ಶಿಷ್ಯೆಯೆಂದು ನನ್ನನ್ನು ಯಾರೂ ಗುರುತಿಸದಿರಲಿ ಎಂದುಕೊಳ್ಳುತ್ತಿದ್ದೆ.

ಎರಡನೆಯ ತಿಂಗಳಿನಲ್ಲಿ ಸಾಮಾ ಥೇರಿ ಅಂಗಳದಲ್ಲಿ ಕೂತು ದೀಕ್ಷೆಯ ನಿಯಮ ಹೇಳಿಕೊಟ್ಟ ಆ ಪಾಠದ ದಿನವನ್ನು ನೀವು ಮರೆತಿರಲಾರಿರಿ. ಸಾಸಿವೆ ಸೊಪ್ಪಿಗೆ ಉಪ್ಪು ಸವರುತ್ತಿದ್ದ ಫಾಲಿ ತಲೆಯೆತ್ತಿ, “ಹಂಗಾದ್ರೆ ಇಷ್ಟು ವರ್ಷ ನಾವೆಲ್ಲ ಏನು? ತಲೆ ಬೋಳಿಸ್ಕೊಂಡ ಸಂಸಾರಸ್ಥರಾ?” ಎಂದು ಕೇಳಿದಳು. “ಸಂಸಾರಸ್ಥರಿಗಾದ್ರೂ ರಾತ್ರಿ ಊಟ ಇರುತ್ತೆ ಕಣೇ. ನಮ್ದು ಎರಡೂ ಕೆಡ್ತು” ಎಂದಿರಿ ನೀವು. ಅಂಗಳವೆಲ್ಲ ನಗುತ್ತಿರುವಾಗಲೇ ನಿಮ್ಮ ಮುಖ ಬದಲಾಯಿತು. “ತಮಾಷೆ ಇರ್ಲಿ ಲಿಂಗ್‌ಶು. ಆ ತಾಯೀನ ಕೇಳೇ. ಮೂವತ್ತು ವರ್ಷ ನಾನು ಉಟ್ಟಿದ್ದು ಏನು ಅಂತ ಕೇಳು.”

ನಾನು ಕೇಳಿದೆ. ಸಾಮಾ ಥೇರಿ ನಿಮ್ಮನ್ನೇ ನೋಡುತ್ತ ಬಹಳ ಹೊತ್ತು ಮಾತಾಡಿದರು. ಸಂಘದ ದೀಕ್ಷೆಯಿಲ್ಲದೆ ಉಟ್ಟ ಕಾವಿ ಕದ್ದ ಬಟ್ಟೆಗೆ ಸಮ ಎಂದು ನಾನು ಅದನ್ನು ತಿಳಿಸಿದೆ. ನೀವು “ಅಷ್ಟುದ್ದ ಮಾತಾಡಿದ್ರಲ್ಲೇ, ಇಷ್ಟೇನಾ?” ಎಂದಿರಿ. ಅವರ ಭಾಷೆಯೇ ಹಾಗೆ, ಸುತ್ತುಬಳಸು ಹೆಚ್ಚು ಎಂದೆ. “ಸರಿ ಬಿಡು. ಗೊತ್ತಿಲ್ದೆ ಉಟ್ಟಿದ್ದು ಆಯ್ತು. ಗೊತ್ತಾದ್ಮೇಲೂ ಉಟ್ರೆ ತಪ್ಪಲ್ವಾ” ಎಂದು ಎದ್ದು ಒಳಗೆ ಹೋದಿರಿ. ಮರುದಿನ ಬೆಳಗಿನ ಗಂಜಿಗೆ ಎಲ್ಲರನ್ನೂ ಕರೆಯಲು ಬಂದಾಗ ನಿಮ್ಮ ಮೈಮೇಲೆ ಬೂದು ಬಣ್ಣದ ಅಂಗಿ ಇತ್ತು. ಕದ್ದು ಉಟ್ಟವಳು ದೀಕ್ಷೆ ಬೇಡಬಾರದೆಂದು ಸಾಲಿಗೂ ಹೆಸರು ಕೊಡಲಿಲ್ಲ.

ಕಠಿಣವಾದ ಮಾತನ್ನು ಮೃದುವಾಗಿ ದಾಟಿಸುವುದೂ ಅನುವಾದದ ಧರ್ಮ. ನಾನು ಅದನ್ನು ಪಾಲಿಸಲಿಲ್ಲ. ಅದಕ್ಕಾಗಿ ನಾಚಿಕೆಪಡುತ್ತೇನೆ.

ದೀಕ್ಷೆಯ ದಿನದ ನಾಚಿಕೆ ಬೇರೆ ಬಗೆಯದು. ನಮ್ಮ ವಿಹಾರದ ಸಾಲಿನಲ್ಲಿ ಮೊದಲು ನಿಂತವಳು ನಾನು. ನಿನ್ನ ಹೆಸರೇನು, ನಿನಗೆ ರೋಗವಿದೆಯೇ, ಸಾಲವಿದೆಯೇ, ನಿನ್ನ ಉಪಾಧ್ಯಾಯಿನಿ ಯಾರು ಎಂಬ ಪ್ರಶ್ನೆಗಳಿಗೆ ಅವರ ಭಾಷೆಯಲ್ಲೇ ಉತ್ತರಿಸಿದವಳೂ ನಾನೊಬ್ಬಳೇ. ಕೊನೆಯ ಪ್ರಶ್ನೆಗೆ “ಸಾಮಾ ಥೇರಿ” ಎಂದೆ. ಬೇರೆ ಹೆಸರು ಹೇಳಲು ನಿಯಮದಲ್ಲಿ ಎಡೆಯಿರಲಿಲ್ಲ. ಆದರೆ ಅದನ್ನು ಅಷ್ಟು ಗಟ್ಟಿಯಾಗಿ ಹೇಳಬೇಕೆಂದು ನಿಯಮದಲ್ಲಿ ಎಲ್ಲಿಯೂ ಇರಲಿಲ್ಲ. ಬಾಗಿಲ ಬಳಿ ಒದ್ದೆ ಕೈಯಲ್ಲಿ ನಿಂತಿದ್ದ ನಿಮಗೆ ಅದು ಕೇಳಿಸಿತು.

ಆಮೇಲೆ ಅಂಗಳಕ್ಕೆ ಕರೆತಂದು ನನ್ನ ನೆರಳನ್ನು ಪಾದಕ್ಕೆ ಪಾದ ಜೋಡಿಸಿ ಅಳೆದರು. ದೀಕ್ಷೆಯಾದ ಗಳಿಗೆಯನ್ನು ಗೊತ್ತು ಮಾಡುವುದು ಹಾಗೆ. ಬೆಳಗಿನ ಉದ್ದ ನೆರಳಿನವಳು ಅಕ್ಕ, ಅದು ಕುಗ್ಗಿದ ಮೇಲೆ ಬಂದವಳು ತಂಗಿ. ಯಾರು ಮುಂದೆ ಕೂರಬೇಕು, ಯಾರು ಯಾರಿಗೆ ಎರಗಬೇಕು ಎಂಬುದು ಸಾಯುವವರೆಗೂ ಆ ಅಳತೆಯಿಂದಲೇ. ನನ್ನ ನೆರಳು ಎಲ್ಲರದಕ್ಕಿಂತ ಉದ್ದವಾಗಿತ್ತು. ಗುರುಮ್ಮ, ನನಗೆ ಆಗ ಸಂತೋಷವಾಯಿತು.

ನೀವು ಕೈ ಒರೆಸಿಕೊಂಡು ಬಂದಿರಿ. ಎಲ್ಲರ ಎದುರಿಗೆ ನೆಲಕ್ಕೆ ಹಣೆ ಹಚ್ಚಿ, “ಅಕ್ಕಾವ್ರೇ, ಒಳ್ಳೇದಾಗ್ಲಿ ಅಂತ ಹರಸಿ” ಎಂದಿರಿ. ಆ ಧ್ವನಿಯಲ್ಲಿ ಕೊಂಕಿದ್ದರೆ ತಾಳಿಕೊಳ್ಳುತ್ತಿದ್ದೆ. ಇರಲಿಲ್ಲ. ನೀವು ನಿಜವಾಗಿಯೂ ಹರಕೆ ಕೇಳುತ್ತಿದ್ದಿರಿ. ನಾನು ಸಂಪ್ರದಾಯದಂತೆ ನೆಟ್ಟಗೆ ನಿಂತೆ, ಕಾಲು ಹಿಂದೆಗೆಯಲಿಲ್ಲ, ಹರಸಿದೆ. ಮರುದಿನ ಬೆಳಿಗ್ಗೆ ಚಿಯು ದೊಡ್ಡಮ್ಮನ ದೋಣಿಯಲ್ಲಿ ನೀವು ಹೊರಟಿರೆಂದು ಫಾಲಿ ಹೇಳಿದಳು. ಅಂದಿನಿಂದ ಆಕೆ ನನ್ನ ಬಟ್ಟಲಿಗೆ ಬಡಿಸುವಾಗ ಮುಖ ನೋಡುವುದಿಲ್ಲ. ಒಮ್ಮೆ ಗಂಜಿ ಸಾಕೆಂದಾಗ, “ಹಿರಿಯರು ನೀವು, ಹೆಚ್ಚು ತಗೋಬೇಕು” ಎಂದು ಬಟ್ಟಲು ತುಂಬಿ ಚೆಲ್ಲುವ ಹಾಗೆ ಸುರಿದಳು.

ಈಗ ನಾನು ಕೇಳುತ್ತಿರುವುದು ಏನೆಂದು ನನಗೆ ಗೊತ್ತು. ನೀವು ಬಂದರೆ ಹುಣ್ಣಿಮೆಯಂದು ನಿಮ್ಮ ನೆರಳನ್ನೂ ಅಳೆಯುತ್ತಾರೆ, ಮತ್ತು ನೀವು ನನಗಿಂತ ಕಿರಿಯರಾಗುತ್ತೀರಿ. ನನ್ನ ಹಿಂದೆ ಕೂರಬೇಕು, ನನ್ನ ನಂತರ ಉಣ್ಣಬೇಕು, ನನ್ನನ್ನು ಕಂಡಾಗ ಏಳಬೇಕು. ಇದನ್ನು ತಪ್ಪಿಸಲು ದಾರಿ ಹುಡುಕಿದೆ. ನಾನು ಕಾವಿ ಬಿಟ್ಟು ನಿಮ್ಮ ನಂತರ ಮತ್ತೆ ಪಡೆಯಬಹುದೇ ಎಂದು ಸಾಮಾ ಥೇರಿಯನ್ನು ಕೇಳಿದೆ. ಭಿಕ್ಷುಗಳಿಗೆ ಅದು ಸಾಧ್ಯ. ಭಿಕ್ಷುಣಿ ಒಮ್ಮೆ ಬಿಟ್ಟರೆ ಬಿಟ್ಟಂತೆಯೇ ಎಂದರು. ನನ್ನ ಜಾಗವನ್ನು ಹಿಂದಿರುಗಿಸುವ ದಾರಿಯಿಲ್ಲ. ಆದರೂ ಬನ್ನಿ ಎನ್ನುತ್ತೇನೆ. ನನಗೆ ಎರಗುವುದು ಕಷ್ಟವಾದರೆ ನಾನು ನದಿಯಾಚೆಯ ವಿಹಾರಕ್ಕೆ ಹೋಗಿ ಇರುತ್ತೇನೆ, ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ನೀವು ಈ ದೀಕ್ಷೆಗಾಗಿ ಕಾದಷ್ಟು ಇಲ್ಲಿ ಯಾರೂ ಕಾದಿಲ್ಲ. ನನ್ನೊಬ್ಬಳ ದೆಸೆಯಿಂದ ಅದು ನಿಮ್ಮ ಕೈತಪ್ಪಬಾರದು.

ಚಿಯು ದೊಡ್ಡಮ್ಮ ಈ ಪತ್ರ ಕೊಟ್ಟು ಎರಡು ದಿನ ಅಲ್ಲೇ ದೋಣಿ ಕಟ್ಟಿಕೊಂಡಿರಲು ಒಪ್ಪಿದ್ದಾಳೆ. “ನಿಂಗೋಸ್ಕರ ಅಲ್ಲ” ಎಂದು ಮೂರು ಸಲ ಹೇಳಿದಳು.

ನೀವು ಎತ್ತಿ ತಂದ,
ಲಿಂಗ್‌ಶು

ಮರೆತು ಬಿಟ್ಟದ್ದಲ್ಲ, ಬರೆಯದೆ ಉಳಿಸಿಕೊಂಡದ್ದು: ಪತ್ರವನ್ನು ಮಡಿಸಿ ದಾರ ಕಟ್ಟಿದ್ದೆ, ಮತ್ತೆ ಬಿಚ್ಚಿದೆ. ನಿಮ್ಮ ಪ್ರಶ್ನೆಗೆ ಸಾಮಾ ಥೇರಿ ಕದ್ದ ಬಟ್ಟೆಯ ಮಾತು ಆಡಿರಲೇ ಇಲ್ಲ. ಅದು ನನ್ನದು. ನನ್ನ ಮುಂದೆ ನೀವು ನಿಂತು, ಪ್ರಶ್ನೆಗಳಿಗೆ ತಡವರಿಸಿ, ನಕ್ಕು, ಸಿಂಹಳದವರ ಎದುರು ನಮ್ಮ ವಿಹಾರದ ಮಾನ ಕಳೆಯುತ್ತೀರೆಂದು ಹೆದರಿದೆ. ನೀವೇಕೆ ಸಾಲಿನಲ್ಲಿಲ್ಲ ಎಂದು ಅವರು ದೀಕ್ಷೆಯ ಬೆಳಿಗ್ಗೆ ಕೇಳಿದಾಗ ಮನಸ್ಸಿಲ್ಲವಂತೆ ಎಂದು ಮತ್ತೊಂದು ಸುಳ್ಳು ಹೇಳಿದೆ. ಇಂದು ಮಧ್ಯಾಹ್ನ ಅವರೆದುರು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ; ಆ ದಿನ ತಾವು ಹೇಳಿದ್ದನ್ನು ಒಂದು ಮಾತೂ ಬಿಡದೆ ನಿಮಗೆ ಮುಟ್ಟಿಸು ಎಂದಷ್ಟೇ ಹೇಳಿದರು. ಅವರು ಹೇಳಿದ್ದು ಇದು: “ಈಕೆ ಉಟ್ಟದ್ದು ಕಾವಿಯೇ. ನಾವು ಈಗ ಕೊಡುವುದು ಅದನ್ನು ಅಳಿಸುವುದಕ್ಕಲ್ಲ, ಅದಕ್ಕೆ ಸೇರಿಸುವುದಕ್ಕೆ. ನಮ್ಮ ಅಜ್ಜಿಯರ ಅಜ್ಜಿಯರ ಕಾಲದಲ್ಲೇ ನಮಗೆ ಹಡಗು ಬಂದಿತ್ತು, ಶೀಲ ಕಾಪಾಡುವುದು ನಮಗೆ ಸುಲಭವಾಯಿತು. ಈಕೆಗೆ ಹಡಗು ಬರಲಿಲ್ಲ. ತನ್ನದು ಸರಿಯೋ ತಪ್ಪೋ ಎಂದು ತಿಳಿಯದೆಯೂ ಮೂವತ್ತು ವರ್ಷ ಕಾಪಾಡಿದಳು. ಸಾಲಿನಲ್ಲಿ ಮೊದಲು ಈಕೆಯನ್ನು ನಿಲ್ಲಿಸಿ.”

ಆ ಜಾಗದಲ್ಲಿ ನಾನು ನಿಂತೆ.