ಒಂದೂವರೆ ಬೆರಳು

ಸವಣೂರು, ಜೂನ್ ೧೬, ಸೋಮವಾರ

ಅಡಿಕೆ ಪುಡಿ ಬಿಟ್ಟಿದ್ದೇನೆ ಎಂದು ಡಾಕ್ಟರಿಗೆ ಹೇಳಿದ್ದು ಸುಳ್ಳು. ಎಂಟನೇ ತರಗತಿಯಿಂದ ತಿನ್ನುತ್ತಿದ್ದೇನೆ. ಶಾಲೆ ಬಿಟ್ಟೆ, ಅದನ್ನು ಬಿಡಲಿಲ್ಲ. ಬಿಗಿದುಹೋದ ಬಾಯಿ ಸಡಿಲಾಗಲೆಂದು ವಾರವಾರ ಕೆನ್ನೆಯೊಳಗೆ ಇಂಜೆಕ್ಷನ್ ಮಾಡಿಸಿಕೊಂಡು ಬಂದ ಸಂಜೆಯೇ ಹೊಲಿಗೆ ಮಷಿನ್ನಿನ ಡ್ರಾದಿಂದ ಒಂದು ಪ್ಯಾಕೆಟ್ ತೆಗೆದು ಹರಿದಿದ್ದೇನೆ.

ಎಂಟು ವಾರವಾದರೂ ಬಾಯಿ ಒಂದೂವರೆ ಬೆರಳಿಗಿಂತ ಹೆಚ್ಚು ತೆರೆಯಲಿಲ್ಲ. ಔಷಧ ನಾಟುತ್ತಿಲ್ಲ, ಕೆನ್ನೆಯೊಳಗೆ ಗಟ್ಟಿಯಾದದ್ದನ್ನು ಕೊಯ್ದು ಬಿಡಿಸಬೇಕು ಎಂದರು ಡಾಕ್ಟರು. ನಾಳೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಆಪರೇಷನ್.

ಅವ್ವ ಇಂದೂ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟಳು. ಆಮೇಲೆ ತನ್ನ ಬಾಯಿ ಎಷ್ಟು ತೆರೆಯುತ್ತದೆಂದು ಮೂರು ಬೆರಳು ಒಳಗಿಟ್ಟು ತೋರಿಸಿ, ಎಲೆ-ಅಡಿಕೆ ಹಾಕಿಕೊಂಡಳು.

"ಮೂವತ್ತ ವರ್ಷದಿಂದ ತಿನ್ನಾಕತ್ತೇನಿ, ನನಗೇನಾಗೇತಿ? ಆ ಡಾಕ್ಟರಗ ಸೂಜಿ ಚುಚ್ಚಾಕ ಬರಂಗಿಲ್ಲ."

"ಅವರ ತಪ್ಪಲ್ಲಬೇ, ನಂದು."

"ಬಾಯಿ ತೆರಿಯಾಕ ಬರವಲ್ದು, ಮಾತ ನೋಡ ಮಲ್ಲೀದು," ಎಂದು ನಕ್ಕಳು.

ನಾನು ಬಿಟ್ಟಿದ್ದರೆ ಸೂಜಿಯಲ್ಲೇ ವಾಸಿಯಾಗುತ್ತಿತ್ತೇ? ಅವ್ವನಿಗೆ ಆಗದ್ದು ನನಗೇಕೆ ಆಯಿತು? ನಿಜ ಹೇಳಿದರೆ ಆಪರೇಷನ್ ನಿಲ್ಲಿಸಿ, ಬೈದು ಕಳಿಸಬಹುದು. ಹೇಳದಿದ್ದರೆ ಕೊಯ್ಯುತ್ತಾರೆ. ಆ ಗಾಯದ ಮೇಲೂ ನಾನು ತಿನ್ನುತ್ತೇನೇನೋ.

ಉಳಿದ ಎರಡು ಪ್ಯಾಕೆಟ್ಟುಗಳನ್ನು ಚೀಲದಲ್ಲಿ ಇಟ್ಟುಕೊಂಡಿದ್ದೇನೆ. ಡಾಕ್ಟರಿಗೆ ತೋರಿಸಲಿಕ್ಕೋ, ದಾರಿಯಲ್ಲಿ ತಿನ್ನಲಿಕ್ಕೋ, ನನಗೇ ತಿಳಿಯುತ್ತಿಲ್ಲ. ನಾಳೆ ಆರೂವರೆಯ ಬಸ್ಸಿಗೆ ಹುಬ್ಬಳ್ಳಿಗೆ ಹೋಗುತ್ತೇನೆ.