ಹುಡುಗಿಯನ್ನು ಒಬ್ಬಳನ್ನೇ ಕೇಳಿ, ಸ್ವಾಮಿ

ಮಾನ್ಯ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ಈ ಕಥೆಯನ್ನು ಮೊದಲು ಹೇಳಿದವರು ನಮ್ಮೂರಿನ ದೇವಕಿ, ಕಳೆದ ಭಾನುವಾರ ಸಂಜೆ, ಜಾಲ್ಸೂರಿನ ನಮ್ಮ ಜಗಲಿಯಲ್ಲಿ ಚಾ ಕುಡಿಯುತ್ತಾ. ಅವರ ಮನೆಯವರ ಹೆಸರು ಬದಲಿಸಿದ್ದೇನೆ. ನಿಜವಾದವು ನಿಮ್ಮ ಸುಳ್ಯದ ಆಸ್ಪತ್ರೆಯ ಚೀಟಿಯಲ್ಲುಂಟು. ದೂರು ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ತುರ್ತು ಚಿಕಿತ್ಸಾ ಘಟಕಕ್ಕೆ ಬರುವ ಹದಿಹರೆಯದ ಮಕ್ಕಳ ಮನಸ್ಸಿನಲ್ಲಿ ಏನಿದೆ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ದೇವಕಿಯ ಅಕ್ಕನ ಮಗಳು ಸುರಕ್ಷಾ, ಪಿಯುಸಿ ಓದಲು ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಆ ಭಾನುವಾರದ ಹಿಂದಿನ ವಾರ ತೋಟದ ಕೆರೆಗೆ ಬಿದ್ದಳು. ಪಂಪು ಬಿಡಲು ಹೋದ ಆಳುಗಳು ಕಂಡು ಎತ್ತಿದರು. ನಮ್ಮ ಕಡೆ ಆಸ್ಪತ್ರೆಗೆ ಹೋಗುವುದೆಂದರೆ ಜೀಪು ತುಂಬಬೇಕು; ರೋಗಿಯನ್ನು ಒಂದು ಗಳಿಗೆ ಒಂಟಿ ಬಿಟ್ಟರೂ ಊರು ಆಡಿಕೊಳ್ಳುತ್ತದೆ. ಹಾಗಾಗಿ ಮಂಚದ ಸುತ್ತ ನೆಂಟರ ಕೋಟೆ.

"ಎಂತಾಯ್ತು ಮಗಾ?" ಎಂದರು ಡಾಕ್ಟರು.

"ಮೆಟ್ಟಿಲಲ್ಲಿ ಪಾಚಿ ಡಾಕ್ಟ್ರೇ, ಜಾರಿದ್ದು," ಎಂದರು ದೇವಕಿ.

"ಊಟ ಸರಿ ಮಾಡ್ತೀಯಾ?"

"ಕೋಳಿ ಇದ್ರೆ ಎರಡು ಸಲ!" ಎಂದದ್ದು ಅವಳ ಮಾವ.

"ನಿದ್ದೆ?"

"ಎಬ್ಬಿಸ್ಲಿಕ್ಕೆ ಡೋಲು ಬೇಕು ಮಾರಾಯ್ರೆ!" ಎಂದರು ಇನ್ನೊಬ್ಬ ನೆಂಟರು.

ಇಡೀ ವಾರ್ಡು ನಕ್ಕಿತಂತೆ. ಡಾಕ್ಟರೂ ನಕ್ಕು, ಮೊಣಕೈಗೆ ಪಟ್ಟಿ ಕಟ್ಟಿಸಿ ಕಳುಹಿಸಿದರು. ಜಗಲಿಯಲ್ಲಿ ನಾವೂ ನಕ್ಕೆವು. ನೆರೆಮನೆಯ ತ್ಯಾಂಪಣ್ಣ ಮಾತ್ರ ನಗಲಿಲ್ಲ. "ಅಲ್ಲ ಮಾರಾಯ್ತಿ, ಈ ಬಿಸಿಲಿಗೆ ನಿಮ್ಮ ಕೆರೆಯ ಮೆಟ್ಟಿಲಲ್ಲಿ ಪಾಚಿ ಎಲ್ಲಿ ಉಂಟು?"

ದೇವಕಿ ಲೋಟ ಕೆಳಗಿಟ್ಟರು.

"ಜಾರಿದೆ ಅಂತ ಅವಳೇ ಹೇಳಿದ್ಳಾ?" ತ್ಯಾಂಪಣ್ಣ ಮತ್ತೆ ಕೇಳಿದರು.

"ಇಲ್ಲ. ನಾವೇ ಹೇಳಿದ್ದು."

ಆಮೇಲೆ ಒಂದೊಂದೇ ಹೊರಬಂತು. ಕೆರೆಗೆ ಬೀಳುವ ಮೊದಲೇ ಹುಡುಗಿ ತನ್ನ ವಾಚನ್ನೂ ಹೊಸ ಚೂಡಿದಾರವನ್ನೂ ಚಿಕ್ಕಮ್ಮನ ಮಗಳಿಗೆ ಕೊಟ್ಟುಬಿಟ್ಟಿದ್ದಳು. ಎಂಥ ಒಳ್ಳೆಯ ಗುಣ ಎಂದು ಮನೆಯವರೆಲ್ಲ ಹೊಗಳಿದ್ದರು. ಭಾನುವಾರ ರಾತ್ರಿಯೇ ದೇವಕಿ ಕೇಳಿದರೆ "ಎಂತ ಇಲ್ಲ ಚಿಕ್ಕಮ್ಮ" ಎಂದು ನಕ್ಕಳಂತೆ. ಆ ನಗು ಕಂಡರೆ ಈಗ ಹೆದರಿಕೆ. ಸರದಿಯಲ್ಲಿ ಅವಳ ಜೊತೆಗಿರುತ್ತೇವೆ. ಎಷ್ಟು ದಿನ?

ಸ್ವಾಮಿ, ನಿಮ್ಮ ಘಟಕದಲ್ಲಿ ಆಧಾರ್ ಸಂಖ್ಯೆ ಕೇಳಲು ಜನವಿದ್ದಾರೆ. ಮನಸ್ಸು ಬಿಚ್ಚಿ ಮಾತಾಡಿ ಎಂಬ ಬಣ್ಣದ ಫಲಕವೂ ಗೋಡೆಯಲ್ಲುಂಟು. ಮಕ್ಕಳು ಗೋಡೆಯ ಜೊತೆ ಮಾತಾಡಬೇಕೇ? ಪ್ರೀತಿಯಿಂದಲೇ ಅವರ ಬಾಯಿ ಮುಚ್ಚಿಸುವ ನಮ್ಮಂಥವರನ್ನು ಹೊರಗೆ ಕಳುಹಿಸುವ ಅಧಿಕಾರ ನಿಮಗಲ್ಲದೆ ಇನ್ಯಾರಿಗೆ? ಇಲಾಖೆ ಕಾಯುತ್ತಿರುವುದಾದರೂ ಯಾವುದಕ್ಕೆ, ಮರಣೋತ್ತರ ಪರೀಕ್ಷೆಗೇ? ಅಲ್ಲಿ ಮಾತ್ರ ಹುಡುಗಿಯನ್ನು ಒಬ್ಬಳನ್ನೇ ಒಳಗೆ ಕರೆದುಕೊಳ್ಳುತ್ತೀರಿ.

ಪುತ್ತೂರು, ಸುಳ್ಯ, ಕಡಬ, ಮೂರೂ ಊರಿನ ಆಸ್ಪತ್ರೆಯಲ್ಲಿ ಬಾಗಿಲು ಹಾಕಬಹುದಾದ ಒಂದೊಂದು ಕೋಣೆ ಕೊಡಿ, ಕೇಳಲು ಕಲಿತ ಒಬ್ಬರನ್ನು ಕೊಡಿ. ಪೆಟ್ಟು ಯಾವುದೇ ಇರಲಿ, ನೆಂಟರನ್ನು ಹೊರಗೆ ನಿಲ್ಲಿಸಿ, ಬದುಕುವುದು ಬೇಡ ಅನ್ನಿಸಿದೆಯಾ ಎಂದು ನೇರವಾಗಿ ಕೇಳಿ. ಈ ವಾರವೇ ಶುರುಮಾಡಿ. ಮುಂದಿನ ವಾರದ ಭರವಸೆ ನಮ್ಮಲ್ಲಿ ಯಾರಿಗೂ ಇಲ್ಲ.

ಕಥೆ ಕೇಳಿದ ನಾವೆಲ್ಲ ಮರುದಿನ ಬೆಳಿಗ್ಗೆ ಸುರಕ್ಷಾಳನ್ನು ಕರೆದುಕೊಂಡು ಅದೇ ಆಸ್ಪತ್ರೆಗೆ ಹೋದೆವು.

"ಗಾಯ ಎಲ್ಲಿ?" ಎಂದರು ಸಿಸ್ಟರ್.

"ಗಾಯ ಇಲ್ಲ. ಅವಳನ್ನು ಒಬ್ಬಳನ್ನೇ ಮಾತಾಡಿಸ್ಬೇಕಿತ್ತು."

"ಕೂತ್ಕೊಳ್ಳಿ, ನೋಡುವ."

ಅವಳನ್ನು ಬೆಂಚಿನಲ್ಲಿ ಕೂರಿಸಿ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು, ನಾವು ಗಾಜಿನ ಬಾಗಿಲಿನ ಹೊರಗೆ ನಿಂತೆವು, ಬಾಯಿ ಮುಚ್ಚಿಕೊಂಡು. ಬಿಸಿಲು ಏರಿತು. ಕೊನೆಗೆ ಅವಳೇ ಎದ್ದು ಬಂದಳು.

"ಹೋಗುವ ಚಿಕ್ಕಮ್ಮ," ಎಂದಳು. "ಯಾರೂ ಕೇಳ್ಲಿಲ್ಲ."

ಇಂತಿ,
ಈಗಲೂ ಅವಳ ಬದಲಿಗೆ ತಾನೇ ಮಾತಾಡುತ್ತಿರುವ
ಸಂಕಪ್ಪ, ಜಾಲ್ಸೂರು