ಚಕ್ರ ತಿದ್ದಿದವರ ಹೆಸರು

ನಂಜಯ್ಯ ಮಾವಾ,

ನೀನು ಹೋಗಿ ಎಂಟು ತಿಂಗಳಾಯಿತು. ಅಳುವುದಕ್ಕೆ ಈ ಕಾಗದ ಬರೆಯುತ್ತಿಲ್ಲ. ನೀನು ಬೇಡವೆಂದ ಜಗಳವೊಂದನ್ನು ವಿಜಯವಾಡದಲ್ಲಿ ಆಡಿ ಬಂದಿದ್ದೇನೆ. ಅದರ ವರದಿ ನಿನಗಲ್ಲದೆ ಇನ್ಯಾರಿಗೆ ಕೊಡಲಿ?

ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯ ನಿನ್ನ ಮನೆಗೆ ಆ ನಕ್ಷೆಗಳ ಜೆರಾಕ್ಸ್ ಕಟ್ಟು ಬಂದ ಭಾನುವಾರ ನೆನಪಿದೆಯಾ? ನೇವಿಯ ಡಾಕ್‌ಯಾರ್ಡಿನಲ್ಲಿ ನೀನು ಮೂವತ್ತು ವರ್ಷ ಮರಗೆಲಸ ಮಾಡಿ ಆಗಷ್ಟೇ ರಿಟೈರ್ ಆಗಿದ್ದೆ. ಐನೂರು ವರ್ಷದ ಹಿಂದೆ ಇಟಲಿಯ ಚಿತ್ರಗಾರನೊಬ್ಬ ಕಾಗದದ ಮೇಲೆ ಬರೆದಿಟ್ಟ ಯಂತ್ರಗಳನ್ನು ಮರದಲ್ಲಿ ಮಾಡಿಕೊಡು, ಹಿಡಿ ತಿರುಗಿಸಿದರೆ ಓಡಬೇಕು ಎಂದು ವಿಶಾಖಪಟ್ಟಣದ ಒಂದು ಸಂಗ್ರಹಾಲಯದವರು ಕೇಳಿದ್ದರು. ಬಡಿಯುವ ರೆಕ್ಕೆ, ನೀರೆತ್ತುವ ತಿರುಪು, ಮುಚ್ಚಿದ ಯುದ್ಧದ ಬಂಡಿ. ನಮ್ಮ ಕೇರಿಯವನ ಕೈಗೆ ಉಳಿ ಕೊಡಲು ಊರಿನ ಬಡಗಿ ಒಪ್ಪಿರಲಿಲ್ಲ. ಆ ಕೈಗೇ ಇಟಲಿಯ ನಕ್ಷೆ ಬಂದಿತ್ತು. ಬ್ಯಾಂಕಿನ ಗುಮಾಸ್ತ, ಸಂಘಟನೆಯ ಭಾಷಣಕಾರ ನಾನು, ಇದು ಚರಿತ್ರೆ ಎಂದು ಕೂಗಾಡಿದೆ. ನೀನು ತೇಗದ ಹಲಗೆಯನ್ನು ಮೂಸಿ ನೋಡುತ್ತಿದ್ದೆ.

ಬಂಡಿಯ ತಪ್ಪು ಗೊತ್ತಾದದ್ದು ಇನ್ನೊಂದು ಭಾನುವಾರ. ನಕ್ಷೆಯಂತೆ ಹಲ್ಲುಚಕ್ರ ಕೂರಿಸಿ ಹಿಡಿ ತಿರುಗಿಸಿದರೆ ಮುಂದಿನ ಗಾಲಿ ಮುಂದಕ್ಕೆ, ಹಿಂದಿನ ಗಾಲಿ ಹಿಂದಕ್ಕೆ. ಬಂಡಿ ನಿಂತಲ್ಲೇ ನಡುಗಿತು. ನೀನು ನಕ್ಕೆ.

"ಈವಯ್ಯ ಬೇಕಂತ್ಲೇ ತಪ್ಪು ಬರ್ದವ್ನೆ ಕನ್ಲಾ ಅಳಿಯ. ಯುದ್ಧದ್ ಬಂಡಿ ಅಲ್ವಾ, ಕದ್ದೋನ್ ಕೈಲಿ ಓಡ್ಬಾರ್ದು ಅಂತ."

ಇರಬಹುದು, ಇಲ್ಲದಿರಬಹುದು. ಸಂಗ್ರಹಾಲಯದ ಅಧಿಕಾರಿ ಮಾತ್ರ ತೆಲುಗಿನಲ್ಲಿ ರೇಗಿದ: ನಕ್ಷೆ ತಿದ್ದಲು ನೀನ್ಯಾರು, ಇದ್ದ ಹಾಗೆ ಮಾಡು. ಮುಂದಿನ ವಾರ ನಾನು ಬರುವಷ್ಟರಲ್ಲಿ ಒಂದು ಚಕ್ರ ಅಚ್ಚಿನ ಈ ಮಗ್ಗುಲಿಂದ ಆ ಮಗ್ಗುಲಿಗೆ ಹೋಗಿತ್ತು, ಅಷ್ಟೇ. ಬಂಡಿ ಅಂಗಳ ದಾಟಿ ಓಡಿತು.

ಉದ್ಘಾಟನೆಯ ದಿನ ಬೋರ್ಡಿನಲ್ಲಿ ಚಿತ್ರಗಾರನಿದ್ದ, ಅಧಿಕಾರಿಯಿದ್ದ, ಶಾಮಿಯಾನ ಕೊಟ್ಟ ಅಂಗಡಿಯೂ ಇತ್ತು. ನಿನ್ನ ಹೆಸರು ಎಲ್ಲಿತ್ತು? ಘೋಷಣೆ ಕೂಗಲು ನಾನು ಬಾಯಿ ತೆರೆದರೆ ನೀನು ಮಣಿಕಟ್ಟು ಹಿಡಿದು, ಬಂಡಿ ಓಡಿತಲ್ಲ, ಸಾಕು ಬಿಡು ಎಂದೆ. ಹೇಗೆ ಬಿಡಲಿ ಮಾವ? ಕೈ ಬೇಕು ಹೆಸರು ಬೇಡ ಎನ್ನುವ ಜನಕ್ಕೆ ನಿನ್ನ ಸಂಕೋಚ ಎಷ್ಟು ಅನುಕೂಲ! ವಾಪಸು ಬರುವಾಗ ಬಸ್ಸಿನಲ್ಲಿ ನಾನು ನಿನ್ನ ಜೊತೆ ಮಾತಾಡಲಿಲ್ಲ. ಎರಡೇ ತಿಂಗಳಿಗೆ ನಿನ್ನ ಎದೆ... ಹೋಗಲಿ.

ಆಮೇಲೆ ನನಗೆ ವಿಜಯವಾಡಕ್ಕೆ ವರ್ಗವಾಯಿತು. ಅತ್ತೆಯನ್ನೂ ಇಬ್ರಾಹಿಂಪಟ್ನಂನ ನನ್ನ ಬಾಡಿಗೆ ಮನೆಗೆ ಕರೆತಂದೆ. ಮೊನ್ನೆ ಬೆಂಜ್ ಸರ್ಕಲ್ಲಿನ ನಮ್ಮ ಬ್ಯಾಂಕಿಗೆ ಅದೇ ಅಧಿಕಾರಿಯ ಫೋನು. ಪ್ರದರ್ಶನ ಈ ಊರಿಗೆ ಬಂದಿದೆ, ಬಿಚ್ಚಿ ತಂದ ಬಂಡಿಯನ್ನು ಆಳುಗಳು ನಕ್ಷೆ ನೋಡಿ ಜೋಡಿಸಿದ್ದಾರೆ, ಓಡುತ್ತಿಲ್ಲ, ನಾಳೆಯೇ ಉದ್ಘಾಟನೆ, ನಂಜಯ್ಯಗಾರು ಹೇಗೆ ಜೋಡಿಸುತ್ತಿದ್ದರು? ಬದುಕಿದ್ದಾಗ ನಿನಗೆ ಆ 'ಗಾರು' ಎಂಬ ಮರ್ಯಾದೆ ಇರಲಿಲ್ಲ.

ನನಗೆ ಜೋಡಿಸಲು ಬರುವುದಿಲ್ಲ, ನಿನ್ನ ಪಕ್ಕದಲ್ಲೇ ಕೂತು ನೋಡಿದ ಅತ್ತೆಗೆ ಬರುತ್ತದೆ. ಅವಳನ್ನು ಪ್ರದರ್ಶನದ ಹಾಲ್‌ಗೆ ಕರೆದುಕೊಂಡು ಹೋಗಿ, ಹೆಸರು ಮೊದಲು ಚಕ್ರ ಆಮೇಲೆ ಎಂದು ಕುರ್ಚಿ ಎಳೆದುಕೊಂಡು ಕೂತೆ. ಅಧಿಕಾರಿ, ಮೇಲಿನವರ ಅನುಮತಿ ಬೇಕು ಎಂದ. ತರಿಸಿಕೊಳ್ಳಿ ಎಂದೆ. ಮಧ್ಯಾಹ್ನದ ಹೊತ್ತಿಗೆ ಪೇಂಟರ್ ಬಂದ. ನಾನೇ ತೆಲುಗಿನಲ್ಲಿ ಬರೆಸಿದೆ: ಈ ಯಂತ್ರಗಳನ್ನು ಮಾಡಿದವರು, ನಕ್ಷೆಯ ತಪ್ಪು ತಿದ್ದಿದವರು, ನಂಜಯ್ಯ. ಎದೆಯುಬ್ಬಿಸಿ ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ.

ಅವಳು ಚಕ್ರ ಮುಟ್ಟಲಿಲ್ಲ.

"ಆ ಚಕ್ರದ್ ಹಲ್ಗುಳ್ನೆಲ್ಲ ಉಪ್ಪುಕಾಗ್ದದಲ್ಲಿ ಉಜ್ದೋರ್ಯಾರಪ್ಪ?" ಎಂದಳು. "ಚಕ್ರವ ಆ ಮಗ್ಲಿಗ್ ಹಾಕ್ ನೋಡಿ ಅಂತ ನಿಮ್ಮಾವಂಗೆ ಹೇಳ್ದೋರ್ಯಾರು?"

ಹತ್ತು ವರ್ಷ ಬೀದಿಯಲ್ಲಿ ಕೂಗಿದ ನಾನು ಬೋರ್ಡನ್ನು ಮತ್ತೊಮ್ಮೆ ಓದಿದೆ. ಹೆಸರು ನುಂಗುವವರ ಮೇಲೆ ಯುದ್ಧಕ್ಕೆ ಬಂದವನು ನಾನೇ ಒಂದು ಹೆಸರು ನುಂಗಿ ಕೂತಿದ್ದೆ. ನನಗೆ ಗೊತ್ತಿರಲಿಲ್ಲ ಮಾವ. ನಿನಗೆ ಗೊತ್ತಿತ್ತಲ್ಲ? ನೀನು ಒಮ್ಮೆಯಾದರೂ... ಆಯಿತು, ನಾನೂ ಕೇಳಲಿಲ್ಲ. ಆ ಮನೆಯಲ್ಲಿ ಪ್ರತಿ ಭಾನುವಾರ ಉಂಡು, ಭಾಷಣ ಮಾಡಿ, ಎದ್ದು ಹೋದವನು ನಾನು.

ಪೇಂಟರನ್ನು ಮತ್ತೆ ಕರೆದೆ. ಕೆಳಗೆ ಜಾಗವಿದೆ, ಇನ್ನೊಂದು ಹೆಸರು ಸೇರಿಸುತ್ತೇನೆ ಎಂದ. ಸೇರಿಸುವುದು ಬೇಡ, ಅಳಿಸಿ ಮೇಲಿನಿಂದ ಬರಿ ಎಂದೆ. ಅಧಿಕಾರಿ ಗಡಿಯಾರ ನೋಡುತ್ತಿದ್ದ. ಬಣ್ಣ ಒಣಗುವ ಮುಂಚೆಯೇ ಅತ್ತೆ ಸೆರಗು ಸಿಕ್ಕಿಸಿ ಕೂತು ಚಕ್ರ ಬದಲಿಸಿದಳು. ಹಿಡಿಯನ್ನೂ ಅವಳೇ ತಿರುಗಿಸಿದಳು. ಬಂಡಿ ಹಾಲ್‌ನ ಆ ಗೋಡೆಯವರೆಗೂ ಓಡಿತು.

ಈಗ ಆ ಬೋರ್ಡಿನಲ್ಲಿ ಮೊದಲ ಹೆಸರು ಕೆಂಪಮ್ಮ. ನಿನ್ನದು ಎರಡನೆಯದು. ನಿನಗೆ ಬೇಜಾರಾದರೆ ಆಗಲಿ ಮಾವ, ಇದನ್ನು ಮಾತ್ರ ನಾನು ಇನ್ನು ತಿದ್ದಿಸುವುದಿಲ್ಲ.

ನಿನ್ನ ಅಳಿಯ,
ಪುಟ್ಟಸ್ವಾಮಿ